ಯಾರೂ ಮೀಟದ ಗಾಂಧಾರ

ಬೆಳಗಾವಿಯಿಂದ ಉತ್ತರಕ್ಕೆ ಹೊರಟ ರೈಲು ಘಟಪ್ರಭೆಯನ್ನು ದಾಟಿ, ರಾಯಬಾಗವನ್ನು ಹಿಂದಿಕ್ಕಿ, ಕುಡಚಿಯನ್ನು ಬಿಟ್ಟ ಮೇಲೆ ಕೃಷ್ಣೆಯ ಸೇತುವೆಯನ್ನೇರುತ್ತದೆ. ಉಗಾರ, ಶೇಡಬಾಳಗಳ ಕಬ್ಬಿನ ಗದ್ದೆಗಳು ಸರಿದು ಹೋದರೆ ಮಿರಜ. ಪುಣೆ, ಕೊಲ್ಹಾಪುರ, ಪಂಢರಪುರ, ಬೆಳಗಾವಿಗಳ ಹಾದಿಗಳು ಕೂಡುವ ಈ ಜಂಕ್ಷನ್ನಿನಲ್ಲಿ ಇಳಿಯುವವರು ಬಹುಮಟ್ಟಿಗೆ ಗಾಡಿ ಬದಲಿಸುವವರು, ಇಲ್ಲವೆ ಇಲ್ಲಿನ ಹೆಸರಾಂತ ಆಸ್ಪತ್ರೆಗಳಿಗೆ ಬಂದವರು. ತಂಬೂರಿಯನ್ನು ಅರಸಿಕೊಂಡು ಬರುವವರು ಕೆಲವರೇ. ಆದರೆ ಆ ಕೆಲವರು ದೇಶದ ಮೂಲೆಮೂಲೆಗಳಿಂದ ಬರುತ್ತಾರೆ.

ವಾದ್ಯ ತಯಾರಿಸುವವರ ಓಣಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸೋರೆಬುರುಡೆಗಳ ರಾಶಿ. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದು ಒಣಗಿದ ಬುರುಡೆಗಳವು. ಹೊಸ ಮರದ ವಾಸನೆ, ಅರಗಿನ ವಾಸನೆ, ಅರದ ಸಣ್ಣ ಕರಕರ ಸದ್ದು, ನಡುನಡುವೆ ಎಲ್ಲಿಂದಲೋ ಒಂದು ತಂತಿಯ ಝೇಂಕಾರ. ಇಲ್ಲಿನ ಕುಶಲಿಗಳ ಹಿರಿಯರು ಶಿಕಲಗಾರರು; ಖಡ್ಗ, ಕಠಾರಿಗಳನ್ನು ಸಾಣೆ ಹಿಡಿಯುತ್ತಿದ್ದ ಜನ. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳ ಕಾಲ ಮುಗಿಯುತ್ತ ಬಂದಂತೆ ಅದೇ ಕೈಗಳು ಸಿತಾರ, ತಂಬೂರಿಗಳತ್ತ ತಿರುಗಿದವು. ಫರೀದ್ ಸಾಹೇಬರ ಹೆಸರನ್ನು ಈ ವೃತ್ತಿಯ ಮೂಲಪುರುಷನೆಂದು ಇಂದಿಗೂ ಇಲ್ಲಿ ನೆನೆಯುತ್ತಾರೆ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಬುರುಡೆ ಕೊಯ್ದು, ದಂಡಿ ಕೂಡಿಸಿ, ಬಿರಡೆ ಬಿಗಿದು, ಬಣ್ಣ ಬಳಿದ ಮಾತ್ರಕ್ಕೆ ತಂಬೂರಿ ಮಾತಾಡುವುದಿಲ್ಲ. ಅದಕ್ಕೆ ‘ಜವಾರಿ’ ಕೂಡಿಸಬೇಕು. ಕುದುರೆಯ ಮೇಲ್ಮೈಯನ್ನು ಕಂಡೂ ಕಾಣದಷ್ಟು ಬಾಗುವಂತೆ ಅರೆಯುವುದು, ತಂತಿ ಅದರ ಮೇಲೆ ಸವರಿಕೊಂಡು ಕಂಪಿಸುವಂತೆ ಮಾಡುವುದು, ತಂತಿಯ ಕೆಳಗೆ ಒಂದೆಳೆ ನೂಲನ್ನು ತಕ್ಕ ಜಾಗದಲ್ಲಿ ನಿಲ್ಲಿಸುವುದು, ಇಷ್ಟೇ ಕೆಲಸ. ಇದಕ್ಕೆ ಅಳತೆಗೋಲಿಲ್ಲ. ಕುಶಲಿ ಒಮ್ಮೆ ಅರ ಆಡಿಸುತ್ತಾನೆ, ತಂತಿ ಮೀಟಿ ಕೇಳುತ್ತಾನೆ. ಮತ್ತೆ ಆಡಿಸುತ್ತಾನೆ, ಮತ್ತೆ ಕೇಳುತ್ತಾನೆ. ಹೆಚ್ಚು ಅರೆದರೆ ಸವೆದುದನ್ನು ಮರಳಿ ತುಂಬುವಂತಿಲ್ಲ. ಆದುದರಿಂದ ಕಲಿಯಲು ಕುಳಿತ ಹುಡುಗನಿಗೆ ಅರ ಹಿಡಿಯುವ ಕೈಗಿಂತ ಮೊದಲು, ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಕಿವಿ ಬೇಕಾಗುತ್ತದೆ.

ಆ ಕಿವಿ ಬರುವುದು ಹೇಗೆ? ಲೆಕ್ಕದ ಅನುಕೂಲಕ್ಕಾಗಿ ಮಧ್ಯ ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದಿಟ್ಟುಕೊಳ್ಳಬಹುದು. ನಡುವಿನ ಜೋಡಿ ತಂತಿಗಳೆರಡೂ ಅದೇ ಷಡ್ಜಕ್ಕೆ ನಿಲ್ಲಬೇಕು. ಒಂದು 240, ಇನ್ನೊಂದು 242 ಇದ್ದರೆ ನಾದವು ಸೆಕೆಂಡಿಗೆ ಎರಡು ಬಾರಿ ಉಬ್ಬಿ ತಗ್ಗುತ್ತದೆ. ಬಿರಡೆ ತಿರುಗಿದಂತೆ ಆ ಅಲೆ ನಿಧಾನವಾಗುತ್ತ, ಕೊನೆಗೆ ನೀರು ತಿಳಿಗೊಂಡಂತೆ ನಿಂತುಬಿಡುತ್ತದೆ. ಅಲೆ ನಿಂತ ಆ ಗಳಿಗೆಯನ್ನು ಗುರುತಿಸುವುದೇ ಮೊದಲ ಪಾಠ. ಬಳಿಕ 120ರ ಖರ್ಜ, ಅನಂತರ 180ರ ಮಂದ್ರ ಪಂಚಮ.

ಹೊಸಬರು ಎಡವುವುದು ಈ ಪಂಚಮದಲ್ಲಿಯೇ. ಪಂಚಮದ ತಂತಿಯನ್ನು ಮೀಟಿ ಷಡ್ಜದ ತಂತಿಗೆ ಬಂದಾಗ, 180ರಿಂದ 240ಕ್ಕೆ ಏರಿದಂತಾಯಿತು. ಷಡ್ಜದಿಂದ ಶುದ್ಧ ಮಧ್ಯಮಕ್ಕಿರುವ ದೂರವೂ ಇಷ್ಟೇ, 240ರಿಂದ 320. ಎರಡೂ ಮೂರಕ್ಕೆ ನಾಲ್ಕರ ಸಂಬಂಧ. ಹೀಗಾಗಿ ಅನನುಭವಿಯ ಕಿವಿ ಮೊದಲ ತಂತಿಯನ್ನೇ ಷಡ್ಜವೆಂದೂ ಎರಡನೆಯದನ್ನು ಮಧ್ಯಮವೆಂದೂ ಭ್ರಮಿಸುತ್ತದೆ. ಹಾಡತೊಡಗಿದರೆ ಇಡೀ ರಾಗವೇ ತಪ್ಪಿದ ಮನೆಗೆ ಹೋಗಿ ಕೂರುತ್ತದೆ. ಸ್ವರಾಂತರವೆಂದರೆ ಬರಿಯ ದೂರವಲ್ಲ, ಯಾವ ಮನೆಯಿಂದ ಹೊರಟೆವೆಂಬುದರ ನೆನಪೂ ಹೌದು ಎಂಬುದು ಆಗ ತಿಳಿಯುತ್ತದೆ.

ನಾಲ್ಕು ತಂತಿಗಳೂ ಕೂಡಿ ನಿಂತ ಮೇಲೆ ಒಂದು ವಿಸ್ಮಯವುಂಟು. ಖರ್ಜದ ತಂತಿ ತನ್ನ 120ರೊಡನೆ 240, 360, 480, 600 ಕಂಪನಗಳ ಉಪನಾದಗಳನ್ನೂ ಹೊರಡಿಸುತ್ತದೆ. ಆ 600 ಬೇರೇನೂ ಅಲ್ಲ, ತಾರ ಸ್ಥಾಯಿಯ ಗಾಂಧಾರ. ಜವಾರಿ ಸರಿಯಾಗಿದ್ದರೆ ಯಾವ ತಂತಿಯೂ ಗಾಂಧಾರಕ್ಕಿಲ್ಲದಿದ್ದರೂ ಅದು ಸ್ಪಷ್ಟವಾಗಿ ಕೇಳುತ್ತದೆ. ಮೊದಲ ದಿನ ಯಾರೋ ಹೇಳಿದರೂ ಕೇಳದು. ಹಲವು ದಿನ ಕುಳಿತವನಿಗೆ ಒಮ್ಮೆ ಕೇಳಿತೆಂದರೆ ಮತ್ತೆ ಕೇಳದಿರುವುದೇ ಕಷ್ಟ. ಈ ಉಪನಾದಗಳ ಸಂಪತ್ತಿಗೆ ಕುದುರೆಯ ಬಾಗೇ ಕಾರಣವೆಂಬುದರತ್ತ ಚಂದ್ರಶೇಖರ ವೆಂಕಟರಾಮನ್ನರು 1921ರಷ್ಟು ಹಿಂದೆಯೇ ವಿಜ್ಞಾನಿಗಳ ಗಮನ ಸೆಳೆದರು.

ಹಾರ್ಮೋನಿಯಮ್ಮಿನ ಗಾಂಧಾರ ಇದಲ್ಲ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಆ ವಾದ್ಯದಲ್ಲಿ 300ರ ಮಧ್ಯ ಗಾಂಧಾರ 302ಕ್ಕೂ ತುಸು ಮೇಲೇರಿರುತ್ತದೆ. ಪಂಚಮದ ವ್ಯತ್ಯಾಸ ಕೂದಲೆಳೆಯಷ್ಟು. ಗಾಂಧಾರದ್ದು ಪಳಗಿದ ಕಿವಿಗೆ ಚುಚ್ಚುವಷ್ಟು. ಮಿರಜದ ಮಗ್ಗುಲಿನ ಸಾಂಗಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲರು ಈ ವಿಷಯವನ್ನೇ ಹಿಡಿದು ಶ್ರುತಿಗಳನ್ನು ಅಳೆದು 1910ರಲ್ಲಿ ಗ್ರಂಥ ಬರೆದರು. ಆ ಅಳತೆಗಳಿಗೆ ಕಂಠವನ್ನಿತ್ತು ನೆರವಾದವರು ಅಬ್ದುಲ್ ಕರೀಮ್ ಖಾನರು.

ಖಾನಸಾಹೇಬರು ಕಿರಾಣೆಯವರಾದರೂ ಮಿರಜವನ್ನೇ ತಮ್ಮ ಊರಾಗಿ ಮಾಡಿಕೊಂಡರು. ಕೆಟ್ಟ ವಾದ್ಯಗಳನ್ನು ತಾವೇ ರಿಪೇರಿ ಮಾಡಬಲ್ಲವರಾಗಿದ್ದರು. ಅವರ ಸ್ವರ ತಂಬೂರಿಯ ನಾದದಲ್ಲಿ ಎಲ್ಲಿ ಬೆರೆಯಿತೆಂದು ಗುರುತಿಸುವುದು ಕಠಿಣವಾಗಿತ್ತು. ಹಳೆಯ ಧ್ವನಿಮುದ್ರಿಕೆಗಳಲ್ಲಿ ಅದನ್ನು ಈಗಲೂ ಕೇಳಬಹುದು. ಈ ಕಿವಿಯ ಪಾಠವೇ ಶಿಷ್ಯ ಸವಾಯಿ ಗಂಧರ್ವರ ಮೂಲಕ ಕುಂದಗೋಳಕ್ಕೆ ಬಂದಿತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರೂ, ಗದಗಿನ ಭೀಮಸೇನ ಜೋಶಿಯವರೂ ಅದನ್ನು ಅಲ್ಲಿ ಪಡೆದರು. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೊರಟಿದ್ದ ಖಾನಸಾಹೇಬರಿಗೆ ದಾರಿಯಲ್ಲಿ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದು, ತಂಬೂರಿ ಶ್ರುತಿ ಮಾಡಿಸಿ, ಪ್ರಾರ್ಥನೆ ಹಾಡುತ್ತ ಕಣ್ಣು ಮುಚ್ಚಿದರೆಂದು ಹೇಳುತ್ತಾರೆ. ಅವರ ಸಮಾಧಿ ಮಿರಜದ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಪ್ರತಿ ವರ್ಷದ ಉರುಸಿನಲ್ಲಿ ಗಾಯಕರು ಅಲ್ಲಿ ಅವರ ನೆನಪಿಗೆ ಹಾಡಿ ಹೋಗುತ್ತಾರೆ.

ಇಂದು ಶ್ರುತಿ ನುಡಿಸಲು ವಿದ್ಯುತ್ ಪೆಟ್ಟಿಗೆಯುಂಟು, ಜೇಬಿನ ಫೋನಿನಲ್ಲಿಯೂ ತಂಬೂರಿಯುಂಟು. ಗುಂಡಿ ಒತ್ತಿದರೆ ಸಾಕು, ತಪ್ಪದ ಶ್ರುತಿ. ಸಣ್ಣ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿಸುವ ತಂದೆತಾಯಿಗಳಿಗೆ ಅದು ದೊಡ್ಡ ಅನುಕೂಲವೇ, ಅಲ್ಲಗಳೆಯುವಂತಿಲ್ಲ. ಆದರೆ ತಪ್ಪೇ ಇಲ್ಲದ ಶ್ರುತಿಯೊಡನೆ ಬೆಳೆದ ಮಗುವಿಗೆ ಅಲೆ ಏಳುವುದೂ ತಿಳಿಯದು, ಅದು ನಿಲ್ಲುವುದೂ ತಿಳಿಯದು. ಅಪಶ್ರುತಿಯನ್ನು ತನ್ನ ಕೈಯಿಂದಲೇ ತಿದ್ದಿದವನಿಗೆ ಮಾತ್ರ ಶ್ರುತಿ ಸ್ವಂತದ್ದಾಗುತ್ತದೆ.

ಓಣಿಯಲ್ಲಿ ಸಂಜೆಯಾಗುತ್ತದೆ. ಕುಶಲಿ ಕೊನೆಯ ಬಾರಿ ನೂಲನ್ನು ಕೂದಲಿನಷ್ಟು ಸರಿಸಿ, ತಂಬೂರಿಯನ್ನು ಪಕ್ಕದ ಹುಡುಗನ ಮಡಿಲಿಗೆ ಕೊಡುತ್ತಾನೆ. ಹುಡುಗ ಮೀಟುತ್ತಾನೆ, ಕಣ್ಣು ಮುಚ್ಚಿ ಕೇಳುತ್ತಾನೆ. “ಸಿಕ್ಕಿತೇ?” ಎಂಬ ಪ್ರಶ್ನೆಗೆ ತಲೆಯಲ್ಲಾಡಿಸುತ್ತಾನೆ, ಇನ್ನೂ ಇಲ್ಲ. ಯಾರೂ ಬೈಯುವುದಿಲ್ಲ. ನಾಳೆ ಮತ್ತೆ ಕೂರಬೇಕು, ಅಷ್ಟೆ.