ಎತ್ತಿಗೆ ಜ್ವರ ಬಂದಾಗ

2014ರಲ್ಲಿ, ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕನಾದ ಹೊಸತರಲ್ಲಿ, ಮೊದಲ ಮೂರು ತಿಂಗಳ ಸಂಬಳವನ್ನು ಸುರಿದು ನಾನೊಂದು ಲ್ಯಾಪ್‌ಟಾಪನ್ನು ಕೊಂಡೆ. ಪ್ರಶ್ನಪತ್ರಿಕೆ, ಪಾಠದ ಟಿಪ್ಪಣಿ, ಇಂದಿಗೂ ಮುಗಿಯದ ನನ್ನ ಮಹಾಪ್ರಬಂಧ, ಎಲ್ಲಕ್ಕೂ ಅದೇ ಆಶ್ರಯವಾಯಿತು. 2016ರ ಬೇಸಗೆಯಲ್ಲಿ ಊರಿಗೆ ಹೋದಾಗ ನಮ್ಮ ತಾಯಿಯವರ ಬೀಸುವ ಪದಗಳನ್ನು ಅದರಲ್ಲಿಯೇ ಧ್ವನಿಮುದ್ರಿಸಿಕೊಂಡೆ. ಬೀಸುಕಲ್ಲು ಮೂಲೆ ಸೇರಿ ಎಷ್ಟೋ ವರ್ಷಗಳಾಗಿದ್ದರೂ ಪದಗಳು ಅವರ ಕೊರಳಲ್ಲಿ ಉಳಿದಿದ್ದವು. ಒಟ್ಟು ಮೂವತ್ತೊಂದು ಪದಗಳು. 2021ರಲ್ಲಿ ಅವರು ತೀರಿಕೊಂಡರು.

ಇಂತಹ ಯಂತ್ರಕ್ಕೆ ಈಚೆಗೆ ಮುಪ್ಪು ಆವರಿಸಿತು. ಬೆಳಗ್ಗೆ ಗುಂಡಿಯನ್ನೊತ್ತಿ ಹೊರಟೆನೆಂದರೆ, ನನ್ನ ಸ್ನಾನ, ಪತ್ರಿಕಾಪಠನ, ಉಪಾಹಾರಗಳು ಮುಗಿಯುವ ವೇಳೆಗೆ ಅದು ಕಣ್ಣು ತೆರೆಯುತ್ತಿತ್ತು.

“ಇದರ ಸಹವಾಸ ಇನ್ನು ಸಾಕು. ಕಂತಿನಲ್ಲಾದರೂ ಹೊಸದೊಂದನ್ನು ತಂದುಬಿಡಿ” ಎಂದಳು ನನ್ನಾಕೆ. ಗಣಕಶಾಸ್ತ್ರದ ಸಹೋದ್ಯೋಗಿಯೊಬ್ಬರು ಅವಳ ಪಕ್ಷವನ್ನೇ ವಹಿಸಿದರು: “ನಿಮ್ಮ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಕಂಪನಿಯ ಆಸರೆ ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹವಾದ ಯಂತ್ರಗಳ ಪಟ್ಟಿಯಲ್ಲಿ ನಿಮ್ಮ ಹಳೆಯ ಪ್ರೊಸೆಸರ್ ಇಲ್ಲವೇ ಇಲ್ಲ.” ಹೊಸದಕ್ಕೆ ನಲವತ್ತೈದು ಸಾವಿರ. ಮಗಳ ಶಾಲೆಯ ಶುಲ್ಕ ಕಟ್ಟುವ ತಿಂಗಳು ಅದು. ನಾನು ಮೌನವನ್ನಾಶ್ರಯಿಸಿದೆ.

ಆದರೆ ಒಂದು ರಾತ್ರಿ ಯಂತ್ರದ ಒಡಲಿನಿಂದ ‘ಟಿಕ್ ಟಿಕ್’ ಎಂಬ ಸದ್ದು ಕೇಳಿಬಂದಿತು. ಆಗ ಥಟ್ಟನೆ ನೆನಪಾಯಿತು, ತಾಯಿಯವರ ಪದಗಳಿಗೆ ಬೇರೊಂದು ಪ್ರತಿಯೇ ಇಲ್ಲವೆಂದು! ಹಸ್ತಪ್ರತಿಗಳ ಸಂರಕ್ಷಣೆಯನ್ನು ಕುರಿತು ತರಗತಿಯಲ್ಲಿ ಗಂಟೆಗಟ್ಟಲೆ ಉಪನ್ಯಾಸ ಮಾಡುವವನ ಮನೆಯ ಸ್ಥಿತಿಯಿದು.

ಮರುದಿನವೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಧಾವಿಸಿದೆ. ಇಕ್ಕಟ್ಟಾದ ಅಂಗಡಿಯೊಂದರಲ್ಲಿದ್ದ ತರುಣನು ಸದ್ದನ್ನು ಆಲಿಸಿದವನೇ ಯಂತ್ರವನ್ನು ಆರಿಸಿಬಿಟ್ಟ.

“ಸಾರ್, ಇನ್ನು ಇದನ್ನ ಆನ್ ಮಾಡಬೇಡಿ. ಹೋಗಿರೋದು ಹಾರ್ಡ್ ಡಿಸ್ಕ್. ಮಿಕ್ಕಿದ್ದೆಲ್ಲ ಚೆನ್ನಾಗಿದೆ.”

ಅವನು ವಿವರಿಸಿದ್ದು ನನಗೂ ಅರ್ಥವಾಗುವಂತಿತ್ತು. ಹಳೆಯ ಡಿಸ್ಕಿನೊಳಗೆ ಗ್ರಾಮಫೋನಿನಂತೆ ತಟ್ಟೆಯೊಂದು ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಪುಟ್ಟ ತೋಳೊಂದು ಅದರ ಮೇಲೆ ಓಡಾಡುತ್ತ ಬೇಕಾದುದನ್ನು ಹುಡುಕುತ್ತದೆ. ತಡವಾಗುತ್ತಿದ್ದುದು ಆ ಹುಡುಕಾಟದಲ್ಲಿ. ಹೊಸ ಬಗೆಯ ಎಸ್ಎಸ್‌ಡಿಯಲ್ಲಿ ತಿರುಗುವ ಅಂಗವೇ ಇಲ್ಲ. ಅದನ್ನು ಕೂಡಿಸಿ, 4 ಜಿಬಿ ರ‍್ಯಾಮನ್ನು 8ಕ್ಕೆ ಏರಿಸಿದರೆ ಇನ್ನೂ ಕೆಲವು ವರ್ಷ ದುಡಿದೀತು. ಮದರ್‌ಬೋರ್ಡೇ ಕೆಟ್ಟಿದ್ದರೆ ತಾನೇ ಹೊಸದನ್ನು ಕೊಳ್ಳಿರೆಂದು ಹೇಳುತ್ತಿದ್ದೆನೆಂದ. ವಿಂಡೋಸಿನ ತೊಡಕಿಗೂ ಉಚಿತವಾಗಿ ದೊರೆಯುವ ಲಿನಕ್ಸ್ ಎಂಬ ಪರಿಹಾರವನ್ನು ಸೂಚಿಸಿದ. ಒಟ್ಟು ಖರ್ಚು ಐದು ಸಾವಿರದೊಳಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಜ್ವರ ಯಾರಿಗೆಂದು ವಿಚಾರಿಸದೆ, ನಾವು ಇಡೀ ಕೊಟ್ಟಿಗೆಯನ್ನೇ ಮಾರಹೊರಟಿದ್ದೆವು.

“ಅದೆಲ್ಲ ಇರಲಪ್ಪ, ಒಳಗಿನ ಹಾಡುಗಳು?” ಎಂದೆ.

“ಮೊದಲು ಅದನ್ನೇ ತೆಗೀತೀನಿ ಸಾರ್. ಎಷ್ಟು ಬರುತ್ತೋ ನೋಡೋಣ.”

ಎರಡು ದಿನ ಕಳೆದು ಹೋದಾಗ ಇಪ್ಪತ್ತೊಂಬತ್ತು ಪದಗಳು ದೊರೆತಿದ್ದವು. ಎರಡು ಮಾತ್ರ ತಟ್ಟೆಯೊಡನೆಯೇ ಮುಗಿದುಹೋಗಿದ್ದವು. ಐದು ಸಾವಿರಕ್ಕಾಗಲಿ ನಲವತ್ತೈದು ಸಾವಿರಕ್ಕಾಗಲಿ ಅವು ಇನ್ನು ಬಾರವು.

ಸಂಜೆ ಮನೆಯಲ್ಲಿ ಉಳಿದ ಪದಗಳನ್ನು ಕೇಳುತ್ತ ಕುಳಿತೆವು. ಕಳೆದುಹೋದ ಎರಡರಲ್ಲಿ ಒಂದರ ಮೊದಲ ಮಾತನ್ನು ನಾನು ಹೇಳಿದೊಡನೆ ನನ್ನಾಕೆ, “ಅದು ಅತ್ತೆಯವರು ಮಗುವಿನ ತೊಟ್ಟಿಲು ತೂಗುತ್ತ ಹೇಳುತ್ತಿದ್ದ ಪದವಲ್ಲವೆ? ನನಗೆ ಪೂರ್ತಿ ಬರುತ್ತದೆ” ಎಂದು ಮೆಲ್ಲನೆ ಹಾಡತೊಡಗಿದಳು. ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ನಾನು ಲೇಖನಿ ಹಿಡಿದು ಬರೆದುಕೊಂಡೆ.

ಇನ್ನೊಂದು ಪದ ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ಈಗ ಗುಂಡಿಯನ್ನೊತ್ತಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಯಂತ್ರ ಸಿದ್ಧವಾಗಿರುತ್ತದೆ. ಪದಗಳು ಮೂರು ಕಡೆ ಭದ್ರವಾಗಿವೆ. ಒಂದು ಪ್ರತಿ ಊರಿನ ಅಣ್ಣನ ಮನೆಯಲ್ಲಿದೆ. ದುರಸ್ತಿಯೋ, ಹೊಸದೋ ಎಂದು ತಿಂಗಳುಗಟ್ಟಲೆ ಚರ್ಚಿಸಿದ ನಾವು, ಒಳಗಿರುವುದೇನೆಂದು ಮೊದಲೇ ಒಂದು ದಿನ ನೋಡಿಕೊಂಡಿದ್ದರೆ ಆ ಮೂವತ್ತೊಂದನೆಯ ಪದವೂ ಇಂದು ನಮ್ಮೊಡನಿರುತ್ತಿತ್ತು.