ನಮ್ಮ ಮನೆಯ ಕಾಲಿ

ಬಂಗಾರಿ ನಮ್ಮ ಮನೆಗೆ ಬಂದ ದಿನ, ಅದು ಕಾಲಿ ಜಾತಿಯ ನಾಯಿ ಎಂದು ನಾನು ಹೇಳಿದ್ದನ್ನು ಕೇಳಿ ಅತ್ತೆಯವರು, "ಖಾಲಿಯೇ? ಮನೆ ತುಂಬ ಕೂದಲಾಯಿತಲ್ಲಪ್ಪ!" ಎಂದರು. ಜೆ.ಪಿ. ನಗರದ ನಮ್ಮ ಹಿಂದಿನ ಬೀದಿಯ ಗೆಳೆಯರೊಬ್ಬರು ಮಗನಿರುವ ಪರದೇಶಕ್ಕೆ ಹೊರಟಾಗ ಈ ಹೆಣ್ಣುನಾಯಿಯನ್ನು ನಮಗೆ ಒಪ್ಪಿಸಿ ಹೋಗಿದ್ದರು. ಉದ್ದ ಮೂತಿ, ಹೊಂಬಣ್ಣದ ಮೈ, ಕತ್ತಿನ ಸುತ್ತ ಶಾಲು ಹೊದಿಸಿದ ಹಾಗೆ ಬಿಳಿಯ ಕೂದಲು.

ಷಟ್ಪದಿ ಆರು ಬಗೆ ಎಂದು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತ ಬಂದವನು ನಾನು. ಭಾಮಿನಿಯನ್ನು ವಾರ್ಧಕವೆಂದು ಬರೆದ ಹುಡುಗನ ಅಂಕ ಕಳೆಯುವಾಗ ನನ್ನ ಕೈ ಎಂದೂ ನಡುಗಿದ್ದಿಲ್ಲ. ಕಾಲಿಯಲ್ಲೂ ಬಗೆಗಳುಂಟೆಂದು ವಿಚಾರಿಸುವ ಗೋಜಿಗೆ ಮಾತ್ರ ಹೋಗಲಿಲ್ಲ.

ಬಂಗಾರಿಯ ಗುಣ ನೋಡಿ ನಾವೆಲ್ಲ ಬೆರಗಾಗಿದ್ದೆವು. ಸಂಜೆ ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರೆ ಅವರನ್ನು ಸುತ್ತು ಹಾಕಿ, ಚದುರಿದವರನ್ನು ಒಂದೆಡೆಗೆ ತಂದ ಮೇಲೆಯೇ ಅದಕ್ಕೆ ಸಮಾಧಾನ. ನಮ್ಮ ಕುರುಬರ ನಾಯಿಗಳು ತೋಳ ಬಾರದಂತೆ ಮಂದೆಯನ್ನು ಕಾಯುತ್ತವೆ; ಸ್ಕಾಟ್ಲೆಂಡಿನ ಈ ನಾಯಿಗೆ ಮಂದೆಯನ್ನು ನಡೆಸುವ ಕೆಲಸ. ಇಲ್ಲಿ ಕುರಿಯಿಲ್ಲ, ಮಕ್ಕಳೇ ಆದೀತು ಎಂದುಕೊಂಡಿತೋ ಏನೋ.

ಆದರೆ ಏಪ್ರಿಲ್ ತಿಂಗಳ ಬಿಸಿಲಿಗೆ ಆ ಮೈ ಹೇಳಿಸಿದ್ದಲ್ಲ. ದಿನವೆಲ್ಲ ಬಚ್ಚಲಮನೆಯ ನೆಲಕ್ಕೆ ಹೊಟ್ಟೆಯೊತ್ತಿ ಮಲಗುತ್ತಿತ್ತು. ಉಣ್ಣೆಯಿದ್ದಲ್ಲಿ ಉಣ್ಣಿ ಎಂಬಂತೆ ಉಣ್ಣಿಗಳೂ ಹತ್ತಿದವು. ಕೆರೆದು ಕೆರೆದು ಚರ್ಮ ಕೆಂಪಾಯಿತು. ವೈದ್ಯರೊಬ್ಬರಿಗೆ ಫೋನು ಮಾಡಿದೆ. "ಯಾವ ತಳಿ, ಸಾರ್?" ಎಂದರು. "ಕಾಲಿ." "ಯಾವ ಕಾಲಿ?" ನಾಯಿಗಳಲ್ಲೆಲ್ಲ ಬಾರ್ಡರ್ ಕಾಲಿ ಮಹಾ ಬುದ್ಧಿಶಾಲಿ ಎಂದು ಎಲ್ಲೋ ಓದಿದ್ದೆ. ನಮ್ಮದೇನು ಕಡಿಮೆ ಎಂಬ ಬಿಗುಮಾನದಲ್ಲಿ, "ಬಾರ್ಡರ್" ಎಂದೆ. ಅವರು ಐವರ್ಮೆಕ್ಟಿನ್ ಮಾತ್ರೆ ಹೇಳಿದರು. ತಂದು ಬೆಲ್ಲದಲ್ಲಿಟ್ಟು ನಾನೇ ತಿನ್ನಿಸಿದೆ.

ರಾತ್ರಿ ಬಂಗಾರಿ ತೂರಾಡಿತು. ಬಾಯಲ್ಲಿ ಜೊಲ್ಲು. ಕಣ್ಣು ತೆರೆದೇ ಇತ್ತು. ಕೈಯಾಡಿಸಿದರೆ ರೆಪ್ಪೆ ಮಿಟುಕಲಿಲ್ಲ. ಆಟೋದಲ್ಲಿ ಮಡಿಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಅಲ್ಲಿನ ಹೆಣ್ಣುಮಗಳು, ಚಿಕ್ಕ ವಯಸ್ಸಿನ ಡಾಕ್ಟರು, ನೋಡಿದೊಡನೆ, "ಇದು ರಫ್ ಕಾಲಿ. ಇದಕ್ಕೆ ಆ ಮಾತ್ರೆ ಕೊಟ್ಟಿರಾ?" ಎಂದರು.

ನೇರವಾದ ಪ್ರತಿಮದ್ದಿಲ್ಲ, ಸಲೈನ್ ಕೊಟ್ಟು ಕಾಯಬೇಕು. ಹಾಗೆ ಕಾಯುತ್ತ ಬೆಂಚಿನ ಮೇಲೆ ಕುಳಿತ ಮೂರು ದಿನ ನನ್ನ ಪಾಠ ನಡೆಯಿತು. ರಫ್ ಕಾಲಿಗೆ ಉದ್ದ ಕೂದಲು. ಸ್ಮೂತ್ ಕಾಲಿ ಅದರ ಒಡಹುಟ್ಟು, ಕೂದಲು ಮಾತ್ರ ಗಿಡ್ಡ. ಬಿಯರ್ಡೆಡ್ ಕಾಲಿಗೆ ಹೆಸರಿಗೆ ತಕ್ಕ ಗಡ್ಡ. ರಫ್ ಕಾಲಿಯ ಪುಟ್ಟ ಪಡಿಯಚ್ಚಿನಂತೆ ಕಾಣುವ ಶೆಟ್ಲೆಂಡ್ ನಾಯಿ ಬೊಗಳುವುದರಲ್ಲಿ ಎತ್ತಿದ ಕೈ. ಬಾರ್ಡರ್ ಕಾಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಸೀಮೆಯದು. ಬೊಗಳದೆ, ನೆಲಕ್ಕೆ ಕುಗ್ಗಿ, ದಿಟ್ಟಿಸುವ ಕಣ್ಣಿನಿಂದಲೇ ಕುರಿಗಳನ್ನು ತಿರುಗಿಸುತ್ತದೆ. 1893ರಲ್ಲಿ ಹುಟ್ಟಿದ 'ಓಲ್ಡ್ ಹೆಂಪ್' ಎಂಬ ಗಂಡುನಾಯಿ ಆ ತಳಿಯ ಮೂಲಪುರುಷ. ರಫ್ ಕಾಲಿಯ ಕೀರ್ತಿ ಅರಮನೆಯದು, ಸಿನಿಮಾದ್ದು. ವಿಕ್ಟೋರಿಯಾ ರಾಣಿ ಅದನ್ನು ಮೆಚ್ಚಿ ಸಾಕಿದಳು. 1943ರ ಚಿತ್ರದಲ್ಲಿ ಅದು ಲ್ಯಾಸಿಯಾಯಿತು. ಲ್ಯಾಸಿ ಎಂದರೆ ಹುಡುಗಿ. ಪಾತ್ರ ಮಾಡಿದ್ದು ಪಾಲ್ ಎಂಬ ಗಂಡುನಾಯಿ! ನಮ್ಮ ಹಳೆಯ ನಾಟಕ ಕಂಪನಿಗಳಿಗೆ ಇದು ಹೊಸದಲ್ಲ.

ಔಷಧ ಮಿದುಳಿಗೆ ನುಗ್ಗದಂತೆ ಹೊರದಬ್ಬುವ ಒಂದು ಪ್ರೋಟೀನು ದೇಹದಲ್ಲಿದೆ. ಅದನ್ನು ರೂಪಿಸುವ ಜೀನು ಅನೇಕ ಕಾಲಿಗಳಲ್ಲಿ ಕೆಟ್ಟಿರುತ್ತದೆಂದು 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಕಂಡುಕೊಂಡರು. ರಫ್ ಮತ್ತು ಸ್ಮೂತ್ ಕಾಲಿಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಈ ದೋಷವುಂಟು. ಬಾರ್ಡರ್ ಕಾಲಿಯಲ್ಲಿ ನೂರಕ್ಕೆ ಐದಕ್ಕೂ ಕಡಿಮೆ. ನಾನು ಫೋನಿನಲ್ಲಿ ಆಡಿದ ಒಂದು ಶಬ್ದದ ತೂಕ ಅಷ್ಟು.

ನಾಲ್ಕನೆಯ ದಿನ ಬೆಳಗ್ಗೆ ಬಂಗಾರಿ ತಲೆ ಎತ್ತಿ ನನ್ನ ಕೈ ನೆಕ್ಕಿತು. ಆಸ್ಪತ್ರೆಯ ಪುಸ್ತಕದಲ್ಲಿ ತಳಿಯ ಹೆಸರನ್ನು ನಾನೇ ಬರೆದೆ. ಡಾಕ್ಟರಮ್ಮ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದರು.