ತವರಿನ ಅಂಗಳದಲ್ಲಿ ಸೋತಾಗ

ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಮೇಲಿಂದ ಮೇಲೆ ಬರುವ ಮಾತೊಂದಿದೆ: ತವರಿನ ಅಂಗಳ. ತಂಡವೊಂದು ತನ್ನ ಊರಿನ ಕ್ರೀಡಾಂಗಣದಲ್ಲಿ ಗೆದ್ದರೆ ತವರಿನಲ್ಲಿ ಗೆದ್ದಿತೆಂದೂ, ಸೋತರೆ ತವರಿನಲ್ಲಿ ಮುಗ್ಗರಿಸಿತೆಂದೂ ಬರೆಯುತ್ತಾರೆ. ತವರು ಮೂಲತಃ ಹೆಣ್ಣುಮಕ್ಕಳ ಮಾತು. ಕೊಟ್ಟ ಮನೆಯಲ್ಲಿ ಬೀಸುತ್ತ, ಕುಟ್ಟುತ್ತ, ತೊಟ್ಟಿಲು ತೂಗುತ್ತ ಅವರು ನೆನೆಯುವ ಮನೆಗೆ ಆ ಹೆಸರು. ಗೋವಾದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಕ್ರೀಡಾಪುಟದ ಈ ಪದವೇ ಒಂದು ಪ್ರಶ್ನೆಯಾಗಿ ಬಹಳ ವರ್ಷ ಕಾಡಿದೆ. ಫಾತೋರ್ಡಾದ ಕ್ರೀಡಾಂಗಣವನ್ನು ತವರಿನ ಅಂಗಳವೆಂದು ಬರೆದಾಗ, ಅದು ಯಾರ ತವರು? ನಮ್ಮದೂ ಹೌದೇ?

ಏಕೆಂದರೆ ನಮ್ಮ ಮನೆಗಳಲ್ಲಿ ತವರೂರೆಂದರೆ ಗದಗ, ಬಾಗಲಕೋಟೆ, ವಿಜಯಪುರ, ಹುಬ್ಬಳ್ಳಿಯ ಸೀಮೆ. ನಮ್ಮ ಹಿರಿಯರು ಲೋಂಡಾ, ಕ್ಯಾಸಲ್ ರಾಕ್ ದಾಟಿ, ದೂಧಸಾಗರದ ಮಗ್ಗುಲಿನಿಂದ ಘಟ್ಟವಿಳಿಯುವ ರೈಲಿನಲ್ಲಿ ವಾಸ್ಕೋಗೆ ಬಂದವರು. ಮುರಗಾಂವ್ ಬಂದರಿನಲ್ಲಿ ಮೂಟೆ ಹೊತ್ತರು. ಅದಿರಿನ ಗಣಿಗಳಲ್ಲಿ ದುಡಿದರು. ಕಟ್ಟುವ ಮನೆಗಳಿಗೆ ಕಲ್ಲು, ಗಾರೆ ಎತ್ತಿದರು. ಕದಂಬರ ಹೆಸರನ್ನು ಹೊತ್ತು ಓಡುವ ಇಲ್ಲಿನ ಸರ್ಕಾರಿ ಬಸ್ಸುಗಳನ್ನು ಕಂಡು, ಈ ನೆಲ ತಮಗೆ ತೀರ ಹೊಸತಲ್ಲವೆಂದು ಹಿಗ್ಗಿದರು. ಆದರೂ ಸಂತೆಯಲ್ಲಿ, ಸರದಿಯಲ್ಲಿ, ಬಸ್ಸಿನಲ್ಲಿ 'ಘಾಂಟಿ' ಎಂಬ ಮಾತು ಆಗೀಗ ಕಿವಿಗೆ ಬೀಳುತ್ತಿತ್ತು. ಘಟ್ಟದ ಮೇಲಿನವರು ಎಂಬುದು ಅದರ ಅರ್ಥ. ಹೊರಗಿನವರು ಎಂಬುದು ಅದರ ಧ್ವನಿ.

ಅವರ ಮಕ್ಕಳಾದ ನಾವು ಇಲ್ಲಿಯೇ ಹುಟ್ಟಿ ಬೆಳೆದೆವು. ಗೋವಾದಲ್ಲಿ ಬೆಳೆದವರಿಗೆ ಫುಟ್ಬಾಲ್ ಯಾರೂ ಕಲಿಸಬೇಕಾದ ವಿಷಯವಲ್ಲ. 1883ರಲ್ಲಿ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ ಶಿವೊಲಿಯಲ್ಲಿ ಈ ಆಟವನ್ನು ಆರಂಭಿಸಿದರೆಂದು ಹೇಳುತ್ತಾರೆ. ಭತ್ತದ ಕಟಾವು ಮುಗಿದ ಗದ್ದೆಗಳಲ್ಲಿ ಎರಡು ಬಿದಿರು ನೆಟ್ಟರೆ ಅದೇ ಗೋಲು. ಕೊಂಕಣಿ ಬಾರದ ಹುಡುಗನನ್ನೂ ಚೆಂಡು ಒಳಗೆ ಕರೆದುಕೊಳ್ಳುತ್ತಿತ್ತು. ಆಡುತ್ತ ಆಡುತ್ತ ಕೊಂಕಣಿಯೂ ಬಂದುಬಿಡುತ್ತಿತ್ತು. ದೇಶದ ಲೀಗನ್ನು ಐದು ಸಲ ಗೆದ್ದ ಡೆಂಪೊ ತಂಡದ ಕಾಲವನ್ನು ನಾವು ಕಂಡಿದ್ದೇವೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಗಿ ಎಫ್‌ಸಿ ಗೋವಾ ಹುಟ್ಟಿದಾಗ, ನಮ್ಮ ಓಣಿಯ ಹುಡುಗರೂ ಎಲ್ಲರಂತೆ ತಂಡದ ಅಂಗಿ ತೊಟ್ಟರು.

ಆ ತಂಡದಲ್ಲಿ ನಮ್ಮ ಕಣ್ಣು ಹೆಚ್ಚಾಗಿ ನಿಂತದ್ದು ಗೋಲ್‌ಕೀಪರನ ಮೇಲೆ. ಅವರ ಹೆಸರು ಲಕ್ಷ್ಮೀಕಾಂತ ಕಟ್ಟೀಮನಿ, ಹುಟ್ಟಿದ್ದು ಗೋವಾದಲ್ಲಿಯೇ. ಬೆಳಗಾವಿ ಸೀಮೆಯ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರ ಹೆಸರನ್ನು ಮನೆಯಲ್ಲಿ ಕೇಳಿ ಬೆಳೆದ ನಮಗೆ ಆ ಮನೆತನದ ಹೆಸರೊಂದೇ ಸಾಕಾಯಿತು. ಅವರ ಪರಿಚಯ ನಮಗಿರಲಿಲ್ಲ, ಮಾತನಾಡಿಸಿದವರೂ ಅಲ್ಲ. ಆದರೂ ದೂರದರ್ಶನದಲ್ಲಿ ವೀಕ್ಷಕವಿವರಣೆಕಾರರು ಆ ಹೆಸರನ್ನು ಉಚ್ಚರಿಸಿದಾಗಲೆಲ್ಲ ನಮ್ಮ ಓಣಿಯ ಹಿರಿಯರು, "ಇಂವ ನಮ್ಮ ಕಡಿಯಾಂವ ನೋಡ್ರಿ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

2015ರ ಅಂತಿಮ ಪಂದ್ಯ ಫಾತೋರ್ಡಾದಲ್ಲಿಯೇ ನಡೆಯಿತು. ಡಿಸೆಂಬರ್ 20, ಭಾನುವಾರ. ಹಿಂದಿನ ದಿನವಷ್ಟೇ ಗೋವಾ ವಿಮೋಚನಾ ದಿನ. ಕ್ರಿಸ್ಮಸ್ಸಿಗೆಂದು ಮನೆಮನೆಯ ಮುಂದೆ ನಕ್ಷತ್ರದ ದೀಪಗಳು ತೂಗುತ್ತಿದ್ದವು. ವಾಸ್ಕೋದಿಂದ ಮಡಗಾಂವಿಗೆ ಹೊರಟ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಟಿಕೆಟ್ ತೋರಿಸುವ ಸರದಿಯಲ್ಲಿ ನಾವು ನಮ್ಮೊಳಗೆ ಕನ್ನಡದಲ್ಲಿ ಮಾತನಾಡುತ್ತಿದ್ದುದನ್ನು ಕೇಳಿದ ಒಬ್ಬ ಯುವಕ, ಘಾಂಟಿಗಳಿಗೂ ಫುಟ್ಬಾಲ್ ಹುಚ್ಚು ಹತ್ತಿತೇ ಎಂದು ಗೆಳೆಯನಿಗೆ ಕೊಂಕಣಿಯಲ್ಲಿ ಹೇಳಿ ನಕ್ಕ. ನಮಗೆ ಕೊಂಕಣಿ ಬರುವುದಿಲ್ಲವೆಂದು ಅವನ ಎಣಿಕೆ. ನಾವು ಸುಮ್ಮನೆ ಒಳಗೆ ನಡೆದೆವು.

ಎದುರಾಳಿ ಚೆನ್ನೈಯಿನ್. ಆ ವರ್ಷ ಚೆನ್ನೈ ನಗರ ಮಹಾಮಳೆಯಲ್ಲಿ ಮುಳುಗಿತ್ತು. ಆ ತಂಡ ತನ್ನ ತವರಿನ ಸೆಮಿಫೈನಲ್ಲನ್ನೇ ಪುಣೆಯಲ್ಲಿ ಆಡಬೇಕಾಗಿ ಬಂದಿತ್ತು. ಅಂಗಳ ಕಳೆದುಕೊಂಡ ತಂಡವೊಂದು ನಮ್ಮ ಅಂಗಳಕ್ಕೆ ಬಂದಿತ್ತೆಂಬುದು ಆ ಸಂಜೆಯ ಗದ್ದಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ನಮ್ಮ ತಂಡದ ತರಬೇತುದಾರರು ಬ್ರೆಜಿಲಿನ ಜಿಕೊ. ಅವರ ತಂಡಕ್ಕೆ ಇಟಲಿಯ ಮಟೆರಾಜಿ.

ಮೊದಲರ್ಧ ಗೋಲಿಲ್ಲದೆ ಕಳೆಯಿತು. 54ನೆಯ ನಿಮಿಷದಲ್ಲಿ ಚೆನ್ನೈಯಿನ್‌ಗೆ ಪೆನಾಲ್ಟಿ ದೊರೆಯಿತು. ಪೆಲಿಸಾರಿ ಒದ್ದ ಚೆಂಡನ್ನು ಕಟ್ಟೀಮನಿ ತಡೆದರು. ಮರಳಿ ಬಂದ ಚೆಂಡನ್ನು ಪೆಲಿಸಾರಿಯೇ ಗೋಲಿಗೆ ಹೊಡೆದರು. ನಾಲ್ಕೇ ನಿಮಿಷದಲ್ಲಿ ಹಾವೊಕಿಪ್ ಸಮ ಮಾಡಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಪೆನಾಲ್ಟಿ. ಈ ಸಲ ಮೆಂಡೋಜಾ. ಅದನ್ನೂ ಕಟ್ಟೀಮನಿ ತಡೆದರು. ಇಡೀ ಕ್ರೀಡಾಂಗಣ ಎದ್ದು ನಿಂತು ಅವರ ಹೆಸರನ್ನು ಕೂಗಿತು. ನಮ್ಮ ಹಳ್ಳಿಗಳ ಅಗಸೆಯಲ್ಲಿ ಕೇಳಬೇಕಾದ ಹೆಸರೊಂದನ್ನು ಫಾತೋರ್ಡಾದ ಸಾವಿರಾರು ಗಂಟಲುಗಳು ಕೂಗುತ್ತಿದ್ದುದನ್ನು ಕೇಳಿ ನಮ್ಮ ಮೈ ನವಿರೆದ್ದಿತು. 87ನೆಯ ನಿಮಿಷದಲ್ಲಿ ಜೊಫ್ರೆಯವರ ಫ್ರೀಕಿಕ್ ಗೋಲಾಯಿತು. ಗೋವಾ 2, ಚೆನ್ನೈಯಿನ್ 1. ಉಳಿದದ್ದು ಮೂರು ನಿಮಿಷ, ಅದರ ಮೇಲಿಷ್ಟು. ಅಪರಿಚಿತರು ನಮ್ಮನ್ನು ಅಪ್ಪಿಕೊಂಡರು. ಪಟಾಕಿಯ ಹೊಗೆಯಲ್ಲಿ ಎದುರಿನ ಗ್ಯಾಲರಿ ಕಾಣದಾಯಿತು.

90ನೆಯ ನಿಮಿಷದಲ್ಲಿ ಗೋಲಿನ ಮುಂದಿನ ಗೊಂದಲದಲ್ಲಿ ಚೆಂಡು ಗೆರೆ ದಾಟಿತು. ದಾಖಲೆಯಲ್ಲಿ ಅದು ಕಟ್ಟೀಮನಿಯವರ ಹೆಸರಿಗೆ ಸ್ವಂತ ಗೋಲೆಂದು ಬರೆದುಹೋಯಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಮೆಂಡೋಜಾ ಮತ್ತೊಂದು ಹೊಡೆದರು. 3-2. ಪಂದ್ಯ ಮುಗಿಯಿತು.

ಪರ ಊರಿನಲ್ಲಿ ಸೋತರೆ ಎದ್ದು ಬರಲು ಸ್ವಂತದ ಮನೆಯೊಂದಿರುತ್ತದೆ. ತನ್ನ ಅಂಗಳದಲ್ಲಿಯೇ ಸೋತವನು ಎಲ್ಲಿಗೆ ಏಳಬೇಕು? ಸುಮಾರು ಇಪ್ಪತ್ತು ಸಾವಿರ ಜನ ಕೂತಲ್ಲಿಯೇ ಕೂತಿದ್ದರು. ಡೋಲುಗಳು ನಿಂತಿದ್ದವು. ಗೆದ್ದವರ ಸಣ್ಣ ಗುಂಪಿನ ಕೂಗು ಮೈದಾನದ ಆ ತುದಿಯಿಂದ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ನಮಗೆ ಆ ಹೊತ್ತಿನಲ್ಲಿ ಸೋಲಿಗಿಂತ ಮಿಗಿಲಾದ ಒಂದು ಅಳುಕಿತ್ತು. ಈಗ ಆ ಹೆಸರಿನ ಮೇಲೆ ಯಾವ ಮಾತು ಬೀಳುವುದೋ ಎಂಬ ಅಳುಕು. ಎರಡು ಪೆನಾಲ್ಟಿ ತಡೆದಾಗ ಎಲ್ಲರವರಾಗಿದ್ದವರು, ಒಂದು ಚೆಂಡು ಒಳಹೊಕ್ಕ ಕೂಡಲೇ ಘಟ್ಟದ ಮೇಲಿನವರಾಗಿಬಿಡುವರೇ? ಸರದಿಯಲ್ಲಿ ಕೇಳಿದ ಮಾತು ಕಿವಿಯಲ್ಲಿ ಇನ್ನೂ ಹಸಿಯಾಗಿತ್ತು. ನಾವು ಕನ್ನಡದಲ್ಲಿ ಮಾತನಾಡುವುದನ್ನು ನಿಲ್ಲಿಸಿದೆವು. ಸುತ್ತಲೂ ಕಿವಿಗೊಟ್ಟು ಕೂತೆವು.

ಬೈದವರು ಇದ್ದರು. ರೆಫರಿಯನ್ನು ಬೈದರು, ರಕ್ಷಣೆಯ ಆಟಗಾರರನ್ನು ಬೈದರು, ಗೋಲ್‌ಕೀಪರನನ್ನೂ ಬೈದರು. ಆದರೆ ಅದು ಮನೆಯ ಹುಡುಗ ಪರೀಕ್ಷೆಯಲ್ಲಿ ನಪಾಸಾದಾಗ ಬೈಯುವ ಬೈಗುಳ. ಅದರಲ್ಲಿ ಸಲಿಗೆಯಿತ್ತು, ಸಂಕಟವಿತ್ತು. ನಾವು ಹೆದರಿದ್ದ ಮಾತು ಮಾತ್ರ ನಮ್ಮ ಸುತ್ತಲಿನ ಯಾರ ಬಾಯಿಂದಲೂ ಬರಲಿಲ್ಲ. ನಮ್ಮ ಪಕ್ಕದಲ್ಲಿ ಮೊದಲಿನಿಂದಲೂ ಕೂತಿದ್ದ ವಯಸ್ಸಾದ ಕ್ರೈಸ್ತ ಗೃಹಸ್ಥರೊಬ್ಬರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ನಮ್ಮ ಕಡೆ ತಿರುಗಿ, "ಆಮಿ ಹಾರ್ಲೆ" ಎಂದರು. ನಾವು ಸೋತೆವು. ನಮ್ಮ ಭಾಷೆ ಯಾವುದೆಂದು ಆ ಹೊತ್ತಿಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಡಿದ ಮಾತದು.

ಗೆಲುವಿನ 'ನಾವು' ಎಂಬುದಕ್ಕೆ ಸಾವಿರ ಜನ ಹಕ್ಕುದಾರರು. ನೂಕುನುಗ್ಗಲಿನಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಲೆಕ್ಕ ನಡೆಯುತ್ತದೆ. ಸೋಲಿನ 'ನಾವು' ಎಂಬುದಕ್ಕೆ ಸೇರಲು ಬರುವವರೇ ಕಡಿಮೆ. ಬಂದು ಕೂತವರನ್ನು ಅಲ್ಲಿ ಯಾರೂ ಊರು ಕೇಳುವುದಿಲ್ಲ. ಅಂದು ರಾತ್ರಿ ಕ್ರೀಡಾಂಗಣದ ಹೊರಗೆ ರೋಸ್ ಆಮ್ಲೆಟ್ ಗಾಡಿಯ ಮುಂದೆ ನಿಂತಾಗ, ಗಾಡಿಯವನು ನಮ್ಮ ತಂಡದ ಅಂಗಿ ನೋಡಿ ಒಂದೊಂದು ಪಾವ್ ಹೆಚ್ಚಿಗೆ ಇಟ್ಟ. ಅವನೂ ಏನೂ ಕೇಳಲಿಲ್ಲ.

ಆದರೆ ತವರಿನ ಪ್ರಶ್ನೆ ಅಷ್ಟಕ್ಕೇ ತೀರಲಿಲ್ಲ. 2019ರ ಮಾರ್ಚ್ 17ರಂದು ಅದು ನಮ್ಮ ಮನೆಯೊಳಗೇ ಬಂದು ಕೂತಿತು. ಮುಂಬಯಿಯಲ್ಲಿ ಅಂತಿಮ ಪಂದ್ಯ. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಗೋವಾ. ಮನೆಯ ಅಜ್ಜನವರು ಬೆಂಗಳೂರಿನ ಪಕ್ಷ, ಮೊಮ್ಮಗ ಗೋವಾದ ಪಕ್ಷ, ನಡುವಿನ ತಲೆಮಾರಿನ ನಾವು ಎರಡೂ ಕಡೆ ಕಾಲಿಟ್ಟವರು. ನೂರು ನಿಮಿಷ ದಾಟಿದರೂ ಗೋಲಿಲ್ಲ. 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಕಪ್ ತಂದಿತು. ಹುಡುಗ ಗೋಡೆಯ ಕಡೆ ಮುಖ ಮಾಡಿ ಅತ್ತ. ಗೆದ್ದ ಪಕ್ಷದ ಅಜ್ಜ ಚಪ್ಪಾಳೆ ತಟ್ಟಲಿಲ್ಲ. ಟಿ.ವಿ. ಆರಿಸಿ, "ಅಳಬ್ಯಾಡ ತಮ್ಮಾ, ಬಾ, ಇಬ್ಬರೂ ಕೂಡಿ ಉಣ್ಣೂಣು" ಎಂದರು. ಆ ರಾತ್ರಿ ಅಜ್ಜನವರೂ ಅರ್ಧ ರೊಟ್ಟಿ ಬಿಟ್ಟು ಎದ್ದರು. ಯಾರ ಪಕ್ಷ ಗೆದ್ದರೇನು, ಸೋಲು ನಮ್ಮ ಮನೆಯಲ್ಲಿಯೇ ಆಗಿತ್ತು.

ಕಟ್ಟೀಮನಿಯವರು ಮುಂದೆ ಹೈದರಾಬಾದ್ ತಂಡ ಸೇರಿದರು. 2022ರ ಮಾರ್ಚ್ 20ರಂದು ಮತ್ತೆ ಫಾತೋರ್ಡಾದಲ್ಲಿ ಅಂತಿಮ ಪಂದ್ಯ: ಹೈದರಾಬಾದ್ ಮತ್ತು ಕೇರಳ ಬ್ಲಾಸ್ಟರ್ಸ್. ಸೋಂಕಿನ ಕಾಲದ ಬಾಗಿಲು ತೆರೆದು ಪ್ರೇಕ್ಷಕರನ್ನು ಒಳಬಿಟ್ಟಿದ್ದರು. ಗ್ಯಾಲರಿಯೆಲ್ಲ ಕೇರಳದ ಹಳದಿ. ನಮ್ಮ ತಂಡ ಆಡದ ಪಂದ್ಯಕ್ಕೆ ನಾವು ಹೋದದ್ದು ಆ ಒಬ್ಬರಿಗಾಗಿ. ಪಂದ್ಯ 1-1 ಆಗಿ ಪೆನಾಲ್ಟಿಗಳಿಗೆ ಹೋಯಿತು. ಯಾವ ಅಂಗಳದಲ್ಲಿ ಸ್ವಂತ ಗೋಲು ಅವರ ಹೆಸರಿಗೆ ಬಿದ್ದಿತ್ತೋ ಅದೇ ಅಂಗಳದಲ್ಲಿ ಕಟ್ಟೀಮನಿ ಮೂವರ ಹೊಡೆತಗಳನ್ನು ತಡೆದರು. ಹೈದರಾಬಾದ್ 3-1ರಿಂದ ಗೆದ್ದಿತು.

ಹಳದಿಯ ನಡುವೆ ಎದ್ದು ನಿಂತು ಕುಣಿಯುತ್ತಿದ್ದವರು ನಾವು ನಾಲ್ಕೈದು ಮಂದಿ ಮಾತ್ರ. ಪಕ್ಕದ ಮಲಯಾಳಿ ಹುಡುಗ ಕೆಂಪಗಾದ ಕಣ್ಣಿನಲ್ಲಿ ನಮ್ಮನ್ನು ನೋಡಿ, ನೀವು ಹೈದರಾಬಾದಿನವರೇ ಎಂದು ಹಿಂದಿಯಲ್ಲಿ ಕೇಳಿದ. ಅಲ್ಲ, ಇಲ್ಲಿಯವರೇ, ಎಂದೆವು. ಆ ಉತ್ತರಕ್ಕೆ ನಾವು ಯೋಚಿಸಬೇಕಾಗಿ ಬರಲಿಲ್ಲ. ಅವನ ಸೋಲಿನ ಭಾರ ನಮಗೆ ಗೊತ್ತಿದ್ದುದರಿಂದ, ಕುಣಿಯುವುದನ್ನು ಬಿಟ್ಟು ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆವು.

ಗಡಿಯಾಚೆ ನೆಲೆಸಿದ ಕನ್ನಡಿಗರನ್ನು ನಿಮ್ಮದು ಯಾವ ಕಡೆ ಎಂದು ಕೇಳುವವರು ಎರಡೂ ಕಡೆ ಇದ್ದಾರೆ. ನಮ್ಮ ತಾಯಂದಿರು ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರೆಂದು ನಮಗೆ ಈಗ ಅನಿಸುತ್ತದೆ. ಪಂಚಮಿಗೆ ಗದಗಿನ ಕಡೆ ಹೊರಟರೆ ಅವರ ಹೆಜ್ಜೆಯಲ್ಲಿ ಹುಡುಗಿಯರ ಚುರುಕಿರುತ್ತಿತ್ತು. ತವರಿನಲ್ಲಿ ನಾಲ್ಕು ದಿನ ಕಳೆದರೋ ಇಲ್ಲವೋ, "ಇನ್ನ ನಮ್ಮ ಮನೀಗೆ ಹೋಗಬೇಕವಾ" ಎಂದು ಗಂಟು ಕಟ್ಟತೊಡಗುತ್ತಿದ್ದರು. ನಮ್ಮ ಮನೆ ಎಂದರೆ ವಾಸ್ಕೋದ ಒಂದು ಓಣಿ, ಶೀಟು ಹೊದಿಸಿದ ಎರಡು ಕೋಣೆ. ಅಲ್ಲಿಯೇ ಅವರು ಅತ್ತಿದ್ದರು, ಅಲ್ಲಿಯೇ ಮಕ್ಕಳನ್ನು ಹೆತ್ತಿದ್ದರು. ರೈಲು ಘಟ್ಟವಿಳಿದು ಕುಳೆಂ ದಾಟಿತೆಂದರೆ, ಕಿಟಕಿಯ ಹೊರಗೆ ಗದ್ದೆಯಲ್ಲಿ ಚೆಂಡಿನ ಹಿಂದೆ ಓಡುವ ಹುಡುಗರನ್ನು ತೋರಿಸಿ, "ಬಂತು ನೋಡ್ರಿ ನಮ್ಮೂರು" ಎಂದು ನಮ್ಮನ್ನು ಎಬ್ಬಿಸುತ್ತಿದ್ದರು.